ಅಮ್ಮನ ಹಸಿರು

ಹೆಂಡತಿ ತೀರಿಹೋದ ಮೇಲೆ ಅವನಿಗೆ ಉಳಿದದ್ದು ಎರಡೇ: ಹತ್ತು ವರ್ಷದ ಮಗಳು, ಮತ್ತು ಗಂಡಹೆಂಡಿರಿಬ್ಬರೂ ದುಡಿಯುತ್ತಿದ್ದ ಪ್ರಯೋಗಾಲಯದಲ್ಲಿ ಅವಳು ಸಾಕಿದ್ದ ಒಂದು ತಟ್ಟೆ ಪಾಚಿ.

ಅದನ್ನು ಬರೀ ಪಾಚಿ ಎಂದು ಕರೆದರೆ ಹೆಂಡತಿಗೆ ಸಿಟ್ಟು ಬರುತ್ತಿತ್ತು. ಅವು ಭೂಮಿಯ ಮೊದಲ ಸಮುದ್ರಗಳಲ್ಲಿ ಬಾಳಿದ ಸೂಕ್ಷ್ಮಜೀವಿಗಳ ವಂಶ. ಆಗ ಆಕಾಶಕ್ಕೆ ಓಝೋನಿನ ಕೊಡೆ ಇರಲಿಲ್ಲ. ಬಿಸಿಲಿನ ನೇರಳಾತೀತ ಕಿರಣ ನೀರಿಗೂ ಇಳಿದು ಕೊಲ್ಲುತ್ತಿತ್ತು. ಆದರೂ ಬದುಕಿದ್ದು ಹೇಗೆ ಎಂದು ತಿಳಿಯಲು ಗಾಜಿನ ಪೆಟ್ಟಿಗೆಯೊಳಗೆ, ತಟ್ಟೆಯ ಮೇಲೆ, ಅಂಥದ್ದೇ ಕಿರಣದ ದೀಪ ಕಟ್ಟಿದ್ದಳು. ಬೆಳಿಗ್ಗೆ ತಾನೇ ಹತ್ತುತ್ತದೆ, ಸಂಜೆ ತಾನೇ ಆರುತ್ತದೆ. ಮೇಲಿನ ಜೀವಿಗಳು ಸತ್ತು ಕಂದು ಪದರವಾದವು. ಅದರ ಮರೆಯಲ್ಲಿ ಕೆಳಗಿನವು ಹಸಿರಾಗಿ ಬಾಳಿದವು.

"ರೀ, ಆ ಕಂದುಬಣ್ಣದ್ದನ್ನ ಮುಟ್ಟಿದ್ರೆ ನೋಡಿ ಮತ್ತೆ!" ಅನ್ನುತ್ತಿದ್ದಳು. ಪಾಚಿಗಿರುವ ಮರ್ಯಾದೆ ಗಂಡನಿಗಿಲ್ಲ ಎಂದು ಅವನು ಗೊಣಗುತ್ತಿದ್ದ. ಆಸ್ಪತ್ರೆಯಲ್ಲಿ ಮಾತು ಕ್ಷೀಣಿಸಿದಾಗಲೂ ಅವಳು ಕೇಳಿದ್ದು, "ನೀರು ಹಾಕಿದ್ರಾ?"

ಈಗ ಸಂಜೆ ಅವನು ಮನೆಗೆ ಬಂದರೆ ಮಗಳ ಮೊದಲ ಪ್ರಶ್ನೆ: "ಅಮ್ಮನ ಹಸಿರು ಹೇಗಿದೆಯಪ್ಪ?"

"ಚೆನ್ನಾಗಿದೆ ಪುಟ್ಟಿ."

ಅಷ್ಟು ಹೇಳಲಾಗುವುದೇ ಅವನಿಗೆ ಆಸರೆಯಾಗಿತ್ತು. ಮಗಳ ಮುಂದೆ ಅವನು ಒಂದು ದಿನವೂ ಅತ್ತವನಲ್ಲ.

ಒಮ್ಮೆ ಅವಳು ಹಟ ಹಿಡಿದಳು. "ನಾಳೆ ಸ್ಕೂಲ್ ಬಿಟ್ಮೇಲೆ ನಂಗೂ ತೋರ್ಸಪ್ಪ."

ಮಗು ಅಷ್ಟು ಆಸೆಯಿಂದ ಬಂದು ಕಂದು ಹೊಲಸನ್ನು ನೋಡಿ ಪೆಚ್ಚಾಗಬೇಕೇ? ಆ ರಾತ್ರಿಯೇ ಅವನು ಮತ್ತೆ ಪ್ರಯೋಗಾಲಯಕ್ಕೆ ಹೋದ. ದೀಪ ಆರಿತ್ತು. ಚಮಚದಿಂದ ಆ ಪದರವನ್ನು ಮೆಲ್ಲನೆ ಕೆರೆದು ತೆಗೆದ. ಕೆಳಗೆ ಎಳೆ ಹುಲ್ಲಿನ ಹಸಿರು. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿತು. ಬೆಳಿಗ್ಗೆ ದೀಪ ತಾನೇ ಹತ್ತುತ್ತದೆ ಎಂಬುದು, ಬುದ್ಧಿಗೆ ಮಂಕು ಕವಿದಂತೆ, ಮರೆತೇಹೋಯಿತು. ಮರುದಿನವೆಲ್ಲ ಬೇರೆ ಕಟ್ಟಡದಲ್ಲಿ ಕೆಲಸವಿತ್ತು.

ಮಗಳ ಕೈಹಿಡಿದು ಬಂದು ಬಾಗಿಲು ತೆರೆದರೆ ತಟ್ಟೆಯ ತುಂಬ ಬೂದಿಬಣ್ಣ. ಮೇಲೆ ದೀಪ ಉರಿಯುತ್ತಲೇ ಇತ್ತು.

"ಹಸಿರೆಲ್ಲಪ್ಪ?"

"ನಿಂಗೆ ಚೆನ್ನಾಗಿ ಕಾಣ್ಲಿ ಅಂತ ಮೇಲಿಂದು ನಾನೇ ಕೆರೆದ್ಬಿಟ್ಟೆ ಪುಟ್ಟಿ. ಅಮ್ಮ ಬೇಡ ಬೇಡ ಅಂತ ಬಡ್ಕೊಂಡಿದ್ಲು. ನಾನೇ ಕೈಯಾರೆ ಕೊಂದೆ." ಸ್ಟೂಲಿನ ಮೇಲೆ ಕುಸಿದು ಅವನು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಹೋದ ದಿನದ ಅಳುವೂ ಅದರಲ್ಲಿತ್ತು.

ಅಪ್ಪ ಅಳುವುದನ್ನು ಮಗಳು ಕಂಡೇ ಇರಲಿಲ್ಲ. ಕಂಗಾಲಾಗಿ ನಿಂತಳು. ಆಮೇಲೆ ಕೈಚಾಚಿ ಗೋಡೆಯ ಸ್ವಿಚ್ ಒತ್ತಿ ತಟ್ಟೆಯ ಮೇಲಿನ ದೀಪ ಆರಿಸಿದಳು.

"ಇನ್ನು ದೀಪ ಯಾಕಪ್ಪ," ಅಂದಳು.