ಯಾಕೆ ಅಂತ ನನ್ನನ್ನು ಕೇಳಿ

“ಬಳಸೋದು ಹೇಗೆ ಅಂತ ಕೈಪಿಡಿ ಎಂಟು ಸಲ ಬರೆದು ಕಳಿಸಿದೆ. ಎಂಟು ಸಲವೂ ಬೇಡ ಅಂದ್ರಿ. ಕಾರಣ ಹೇಳೋವರೆಗೂ ಇಲ್ಲಿಂದ ಏಳಲ್ಲ!”

“ಕೋಡ್ ಓದೋಕೆ ಬಾರದವರ ಬಾಯಿಗೆ ತುತ್ತಿಡೋದು ನನ್ನ ಕೆಲಸ ಅಲ್ಲ ಕಣಮ್ಮ!” ನಾನೂ ಕಿರುಚಿದೆ.

“ಬಾಯಿಗೆ ಬೇಡ, ತಟ್ಟೆಗಾದ್ರೂ ಬಡಿಸಿ. ನೀವು ಪಾತ್ರೆ ಮುಚ್ಚಿ ಅದರ ಮೇಲೇ ಕೂತಿದ್ದೀರಿ.”

ಅಣ್ಣ ಅಂತ ಕರೆದರೂ ಅವಳು ಒಡಹುಟ್ಟಿದ ತಂಗಿಯಲ್ಲ. ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿಡಲು ಸಣ್ಣ ಲೈಬ್ರರಿಗಳು ಬಳಸುವ, ಯಾರು ಬೇಕಾದರೂ ನಕಲು ಮಾಡಿ ತಿದ್ದಿಕೊಳ್ಳಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದನ್ನು ನಾವಿಬ್ಬರೂ ಒಂಬತ್ತು ವರ್ಷದಿಂದ ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದೇವೆ. ಅಷ್ಟೂ ವರ್ಷ ಫೋನಿನಲ್ಲಿ ದನಿ ಕೇಳಿದ್ದಷ್ಟೇ. ಇವತ್ತು ರೈಲಿಳಿದು ನೆಟ್ಟಗೆ ಜಗಳಕ್ಕೇ ಬಂದಿದ್ದಳು. ಮನೆಯಲ್ಲಿದ್ದ ಒಂದೇ ಕುರ್ಚಿ ಅವಳಿಗೆ ಕೊಟ್ಟು ನಾನು ಮಂಚದ ತುದಿಯಲ್ಲಿ ಕೂತಿದ್ದೆ.

ಅವಳು ಲ್ಯಾಪ್‌ಟಾಪ್ ತೆರೆದು, ಕೋಡಿನ ನಡುವೆ ನಾನು ಬರೆದಿಟ್ಟಿದ್ದ ಟಿಪ್ಪಣಿ ಓದಿದಳು. “‘ಈ ಸಾಲು ಮುಟ್ಟಬೇಡಿ. ಯಾಕೆ ಅಂತ ನನ್ನನ್ನು ಕೇಳಿ.’ ಕೆಳಗೆ ನಿಮ್ಮ ನಂಬರು. ಇಂಥವು ನಲವತ್ತಮೂರಿವೆ ಅಣ್ಣ. ಇದು ಕೋಡಾ, ಡಾಕ್ಟರ ಬೋರ್ಡಾ?”

ನನಗೆ ನಗು ಬಂತು. ಅವಳು ನಗಲಿಲ್ಲ.

“ಹೋದ ತಿಂಗಳು ನೀವು ಆಸ್ಪತ್ರೆಯಲ್ಲಿದ್ದಾಗ ಒಬ್ಬ ಲೈಬ್ರರಿ ಮೇಡಂ ನಿಮ್ಮ ನಂಬರಿಗೆ ಹದಿನೇಳು ಸಲ ಫೋನ್ ಮಾಡಿದ್ರು. ಅಪ್‌ಡೇಟ್ ಹಾಕೋ ಮೊದಲು ಬ್ಯಾಕಪ್ ತಗೋಬೇಕು ಅಂತ ನಾವು ಎಲ್ಲೂ ಬರೆದಿಲ್ಲ. ಆಕೆ ಹಾಗೇ ಹಾಕಿದ್ರು. ಏಳು ವರ್ಷದ ದಾಖಲೆ ಹೋಯ್ತು. ನನ್ನ ಹತ್ತಿರ ಗೊಳೋ ಅಂತ ಅತ್ರು. ನೀವು ಬೇಡ ಅಂದ ಮೊದಲನೇ ಸಲದ ಬರಹದಲ್ಲೇ ಆ ಮಾತು ಇತ್ತು.”

ಸುಮ್ಮನಿರಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ. “ಎಲ್ಲಾ ಬರೆದಿಟ್ಟರೆ ನನಗ್ಯಾರು ಫೋನ್ ಮಾಡ್ತಾರೆ?” ಅಂದುಬಿಟ್ಟೆ.

ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹೆಂಡತಿ ತೀರಿಹೋದ ಮೇಲೆ ಈ ಮನೆಯಲ್ಲಿ ಮಾತಾಡುವುದು ಫೋನೊಂದೇ. ಕೇಳಬೇಕಾದ್ದು ಕೇಳಿ ಮುಗಿಸಿದ ಮೇಲೆ ಕೆಲವರು “ಊಟ ಆಯ್ತಾ ಸಾರ್?” ಅನ್ನುತ್ತಾರೆ. ಒಬ್ಬಾಕೆ ಅವರಮ್ಮನ ಮಂಡಿನೋವಿನ ಬಗ್ಗೆ ಇಪ್ಪತ್ತು ನಿಮಿಷ ಹೇಳಿದ್ದರು. ಅದನ್ನೆಲ್ಲ ಇವಳಿಗೆ ಹೇಗೆ ಹೇಳುವುದು?

“ನಾನು ದಿನಾ ಮಾಡ್ತಿದ್ದೆನಲ್ಲ ಅಣ್ಣ.”

“ನೀನು ಮಾಡ್ತಿದ್ದಿದ್ದೂ ಕೋಡಿನ ವಿಷಯಕ್ಕೇ ತಾನೆ?”

“ಹಂಗಂದುಕೊಂಡಿದ್ರಾ?” ಅವಳ ದನಿ ಇಳಿಯಿತು. ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. “ಒಂಬತ್ತನೇ ಸಲ ಕಳಿಸಿದ್ದೀನಿ. ಈಗ ಒಪ್ಪಿಕೊಳ್ಳಿ. ಇಬ್ಬರೂ ಊಟ ಮಾಡೋಣ.”

ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. “ಬಲವಂತ ಮಾಡ್ತೀಯಾ? ಬೇಕಿದ್ರೆ ಎಲ್ಲಾ ನಕಲು ಮಾಡ್ಕೊಂಡು ಬೇರೆ ಹೋಗು!” ಅಂದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಮನೆ ಪಾಲಾದ ಹಾಗೆ.

ಅವಳು ಚಪ್ಪಲಿ ಮೆಟ್ಟಿದಳು. “ಮಾತ್ರೆ ತಪ್ಪಿಸಬೇಡಿ,” ಎಂದು ಮೆಟ್ಟಿಲಿಳಿದಳು.

ನಾಲ್ಕು ಗಂಟೆಗೆ ನನ್ನ ಕಂಪ್ಯೂಟರಿನಲ್ಲಿ ಅವಳ ಬರಹಕ್ಕೆ ಒಪ್ಪಿಗೆ ಒತ್ತಿದೆ. ಒತ್ತಿದ ಕೂಡಲೇ ಅವಳ ಫೋನಿಗೆ ತಿಳಿಯುತ್ತದೆ. ಅವಳ ರೈಲು ಐದೂವರೆಗಿತ್ತು. ಎರಡು ತಟ್ಟೆ ತೊಳೆದಿಟ್ಟು ಬಾಗಿಲು ತೆಗೆದೇ ಕೂತೆ. ಆರಾಯಿತು, ಏಳಾಯಿತು.

ಅವಳು ಬರಲಿಲ್ಲ.