ಬಸವಮ್ಮನ ಫಿಟ್‌ನೆಸ್ ಸರ್ಟಿಫಿಕೇಟು

ಸುಳ್ಳಿಗೆ ಕಾಲಿಲ್ಲ ಅಂತಾರೆ. ಭುವನಾಳ ಸುಳ್ಳು ಮಾತ್ರ ಒಂದೇ ವಾರದಲ್ಲಿ ಕೊರಟಗೆರೆ ಸೀಮೆಯನ್ನೆಲ್ಲ ಸುತ್ತಿ ಬಂದಿತ್ತು. ಕಿರ್ಗಿಸ್ತಾನದಲ್ಲಿ ಡಾಕ್ಟರಿಕೆ ಓದಿ ಬಂದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸಾಗಬೇಕು, ಆಮೇಲೆ ವರ್ಷ ಕಾಲ ಆಸ್ಪತ್ರೆಯಲ್ಲಿ ದುಡಿಯಬೇಕು. ಸೀಲು, ನಂಬರು ಎಲ್ಲ ಅದಾದ ಮೇಲಿನ ಮಾತು. ಭುವನಾ ಮೂರನೇ ಸಲವೂ ಪರೀಕ್ಷೆಯಲ್ಲೇ ಡುಮ್ಕಿ ಹೊಡೆದಿದ್ದಳು. ನೂರೈವತ್ತು ಬೇಕಿತ್ತು, ಬಂದದ್ದು ನೂರನಲವತ್ತೊಂದು. ಅಪ್ಪ ಸಿದ್ದಗಂಗಯ್ಯ ಮೇಷ್ಟ್ರು ಫೋನಿನಲ್ಲಿ "ಏನಾಯ್ತವ್ವಾ?" ಅಂದಾಗ "ಪಾಸು" ಅಂದುಬಿಟ್ಟಳು. ಮೇಷ್ಟ್ರು ಶುಕ್ರವಾರಕ್ಕೆ ಹೋಳಿಗೆ ಊಟ ಇಟ್ಟು ನೆಂಟರನ್ನೆಲ್ಲ ಕರೆದರು.

ಊಟಕ್ಕೆ ಬಂದ ಚಿಕ್ಕಮ್ಮ ಬಸವಮ್ಮನ ಕೈಯಲ್ಲೊಂದು ಫಾರಂ ಇತ್ತು. ಅವಳಿಗೆ ಅಂಗನವಾಡಿ ಸಹಾಯಕಿ ಕೆಲಸ ಸಿಕ್ಕಿತ್ತು. ಆರೋಗ್ಯವಾಗಿದ್ದಾಳೆ ಅಂತ ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟು ಸಂಜೆ ಐದರೊಳಗೆ ಆಫೀಸು ಸೇರದಿದ್ದರೆ ಆ ಕೆಲಸ ಬೇರೆಯವಳ ಪಾಲು.

"ವಾರದಿಂದ ಆಸ್ಪತ್ರೆ ಕಡೆ ತಲೇನೇ ಹಾಕಿಲ್ಲ ಕಣಮ್ಮ. ನಮ್ಮ ಡಾಕ್ಟ್ರಮ್ಮನ ಮೊದಲ್ನೇ ಸೈನು ನಂದಕ್ಕೇ ಬೀಳ್ಬೇಕು ಅಂತ ಕಾಯ್ತಾ ಕುಂತಿದೀನಿ."

ಗಂಟೆ ಆಗಲೇ ಮೂರಾಗಿತ್ತು. ಫಾರಂನ ಕೆಳಗೆ 'ವೈದ್ಯರ ನೋಂದಣಿ ಸಂಖ್ಯೆ' ಅಂತ ಖಾಲಿ ಜಾಗ. ಯಾವುದೋ ಒಂದು ನಂಬರ್ ಗೀಚಿದರೆ ಯಾರು ನೋಡುತ್ತಾರೆ ಅಂತ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಭುವನಾಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಪಾಸಾದರೂ ಸೈನು ಹಾಕಲು ಇನ್ನೊಂದು ವರ್ಷ ಬೇಕು ಅಂತ ಜಾರಿಕೊಳ್ಳಬಹುದಿತ್ತು, ಅದೂ ಸುಳ್ಳಿನ ಮೇಲೊಂದು ಸುಳ್ಳೇ. ಚಿಕ್ಕಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿದಳು.

"ನಾನು ಪಾಸಾಗಿಲ್ಲ ಚಿಕ್ಕಮ್ಮ. ಸುಳ್ಳು ಹೇಳ್ದೆ."

ಬಸವಮ್ಮ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. ಫಾರಂ ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು, ನಡುಮನೆಗೆ ಬಂದು ಹಣೆ ಚಚ್ಚಿಕೊಂಡಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಬ್ಯಾರೆ ಫಾರಂ ತಂದ್ಬುಟ್ಟಿದೀನಿ ಕಣ್ರಪ್ಪಾ. ಬಸ್ ಹಿಡಿದು ಓಡ್ಬೇಕು."

ನೆಂಟರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು.

"ಒಂದು ಫಾರಂ ನೋಡ್ಕೊಂಡು ತರಕ್ಕಾಗಲ್ಲ, ಇವಳ ಕೈಗೆ ಕೂಸುಗಳ್ನ ಕೊಟ್ರೆ ದೇವ್ರೇ ಗತಿ!"

ಬಸವಮ್ಮ ತಾನೂ ನಕ್ಕಂತೆ ಮಾಡಿ, ಊಟವನ್ನೂ ಮಾಡದೆ ಚಪ್ಪಲಿ ಮೆಟ್ಟಿ ಹೊರಟಳು. ತನ್ನ ಮಾನ ಉಳಿಸಲು ಚಿಕ್ಕಮ್ಮ ದಡ್ಡಿಯಾದದ್ದನ್ನು ನೋಡಿ ಭುವನಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಪ್ಪಾ, ನಗಬ್ಯಾಡ. ಚಿಕ್ಕಮ್ಮನ ಫಾರಂ ಸರಿಯಾಗೇ ಇತ್ತು. ನಾನೇ ಪಾಸಾಗಿಲ್ಲ."

ಬಡಿಸುತ್ತಿದ್ದ ಕೈಗಳು ನಿಂತವು. ಮೇಷ್ಟ್ರು ಮಗಳ ಕಡೆ ತಿರುಗಲಿಲ್ಲ. ಬಸವಮ್ಮ ದಾಟಿ ಹೋದ ಹೊಸಿಲನ್ನು ನೋಡುತ್ತ, ತಾವಾಡಿದ ಮಾತಿಗೆ ತಾವೇ ತಲೆ ತಗ್ಗಿಸಿದರು.