ಗಂಟೆಗೆ ಅರ್ಧ ಡಿಗ್ರಿ

“ಕಾಲಿನ ಕಡೆಯಿಂದ ತೆಗೀರಿ. ಮುಖದ ಹತ್ರದ್ದು ಕೊನೆಗೆ,” ಎಂದಳು ತಾಯಿ.

ಮೀನುಮರಿ ಕೇಂದ್ರದ ಇಬ್ಬರು ಕೆಲಸಗಾರರು ಅವಳ ಗಂಡನ ಶವದ ಸುತ್ತಲಿನ ಐಸ್ ಗಡ್ಡೆಗಳನ್ನು ಗೋಣಿಚೀಲಕ್ಕೆ ತುಂಬಿದರು. ಬಾಗಿಲ ಬಳಿ ಮ್ಯಾನೇಜರ್ ತಲೆ ತಗ್ಗಿಸಿಯೇ ಗಡಿಯಾರ ನೋಡಿಕೊಂಡ. ಕೇಂದ್ರದ ನೀರು ತಣಿಸುವ ಯಂತ್ರ ಬೆಳಿಗ್ಗೆ ಕೆಟ್ಟಿತ್ತು. ಊರಿನ ಐಸ್ ಕಾರ್ಖಾನೆಯಲ್ಲಿದ್ದದ್ದೆಲ್ಲ ಈ ಮನೆಗೆ ಬಂದುಬಿಟ್ಟಿತ್ತು.

“ಹತ್ತು ಡಿಗ್ರಿ ಇರಬೇಕಾದ ನೀರು ಹದಿನಾಲ್ಕಾಗಿದೆ, ಅಮ್ಮ. ಎರಡು ಲಕ್ಷ ಮೊಟ್ಟೆ. ಹೀಗೇ ಬಿಟ್ರೆ ಅವಧಿಗೆ ಮುಂಚೆ ಒಡೀತವೆ. ಹಾಗೆ ಒಡೆದ ಮರಿ ಉಳಿಯಲ್ಲ,” ಎಂದ.

“ಅವರಿದ್ದಿದ್ರೆ ತಾವೇ ಹೊತ್ಕೊಂಡು ಬರ್ತಿದ್ರು. ತಗೊಳ್ಳಿ.”

ಹಿರಿಮಗಳು ತಾಯಿಯ ಕೈ ಹಿಡಿದಳು. “ಅಮ್ಮ, ತಂಗಿ ಬರೋದು ಸಂಜೆಗೆ. ಐಸ್ ಇಲ್ದೆ ಈ ಸೆಕೇಲಿ ಅಲ್ಲೀತನಕ ಇಡಕ್ಕಾಗಲ್ಲ. ಮುಖ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ.”

“ಹುಟ್ಟೋಕೆ ಅಷ್ಟು ಅವಸರ ಮಾಡಿದೋಳು, ಇವತ್ಯಾಕೆ ತಡ ಮಾಡ್ತಾಳಂತೆ?”

ಪಕ್ಕದ ಮನೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

* * *

ತಂಗಿ ಏಳು ತಿಂಗಳಿಗೇ ಹುಟ್ಟಿದ್ದಳು. ಕೇಂದ್ರದಿಂದ ಒದ್ದೆ ತೋಳಿನಲ್ಲೇ ಬಂದ ಅಪ್ಪ ತೊಟ್ಟಿಲಿಗೆ ಬಗ್ಗಿ, “ಬೆಚ್ಚಗಿನ ನೀರಲ್ಲಿ ಒಡೆದ ಮರಿ ಇದು. ನಾಲ್ಕು ದಿನ,” ಎಂದು ಹೇಳಿ ಕೆಲಸಕ್ಕೆ ವಾಪಸಾಗಿದ್ದ. ಆರು ವರ್ಷದ ಹಿರಿಯವಳು ನಾಲ್ಕೂ ದಿನ ಪಕ್ಕದಲ್ಲಿ ಕೂತು ಮಗುವಿನ ಉಸಿರು ಕಾದಿದ್ದಳು. ಐದನೆಯ ದಿನವೂ ಮಗು ಉಸಿರಾಡಿತು. ಅಪ್ಪ ಮಾತ್ರ ಕೊನೆಯವರೆಗೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. “ಲೇ ನಾಲ್ಕುದಿನ, ಟವೆಲ್ ಕೊಡೇ.”

ಕೇಂದ್ರಕ್ಕೆ ಬುತ್ತಿ ಒಯ್ಯುತ್ತಿದ್ದವಳು ಹಿರಿಯವಳು. ಮೊಟ್ಟೆಗಳ ಮುಂದೆ ಅಪ್ಪ ಬೇರೆಯೇ ಮನುಷ್ಯ. ಯಂತ್ರ ಕೆಟ್ಟ ದಿನ ಐಸನ್ನು ಮೇಲಿನ ತೊಟ್ಟಿಯಲ್ಲಿ ಕರಗಲು ಬಿಟ್ಟು, ಆ ನೀರನ್ನು ನೂಲಿನಷ್ಟು ಸಣ್ಣಗೆ ಮೊಟ್ಟೆಗಳಿಗೆ ಇಳಿಸುತ್ತಿದ್ದ.

“ಗಂಟೆಗೆ ಅರ್ಧ ಡಿಗ್ರಿ. ಒಮ್ಮೆಗೇ ತಣ್ಣಗಾದ್ರೆ ಬೆಚ್ಚಿಬಿದ್ದು ಸಾಯ್ತವೆ, ಪಾಪ.”

ಆ ‘ಪಾಪ’ವನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅಲ್ಲಿ ಮಾತ್ರ.

* * *

ಮೆಟ್ಟಿಲಿಳಿಯುತ್ತಿದ್ದ ಮ್ಯಾನೇಜರ್ ಹಿರಿಯವಳ ಕಡೆ ತಿರುಗಿದ. “ನಿಮ್ಮಪ್ಪ ಈ ಐಸನ್ನ ಹೆಂಗೆ ಹಾಕ್ತಿದ್ರು, ಗೊತ್ತಾ ತಾಯಿ? ನಾನು ಬಂದ ಮೇಲೆ ಯಂತ್ರ ಕೆಟ್ಟಿದ್ದೇ ಇಲ್ಲ.”

ಚೀಲಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿರಿಯವಳು ಅದನ್ನೇ ನೋಡಿದಳು.

“ನೇರವಾಗಿ ಮೊಟ್ಟೆ ತೊಟ್ಟಿಗೇ. ಎಲ್ಲಾ ಒಟ್ಟಿಗೆ,” ಎಂದಳು. “ಬೇಗ ಹೋಗಿ. ಪಾಪ, ಕಾಯ್ತಿರ್ತವೆ.”

ಮೂರು ಗಂಟೆಗೆ ಅಪ್ಪನನ್ನು ಮಣ್ಣು ಮಾಡಿದರು.

ಆರಕ್ಕೆ ತಂಗಿ ಬಂದಳು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಬರಿ ಮಂಚದ ಒದ್ದೆಯ ಮೇಲೆ ಅಂಗೈ ಇಟ್ಟಳು.

“ಅಕ್ಕಾ, ಮುಖ ತೋರಿಸ್ತೀನಿ ಅಂದಿದ್ಯಲ್ಲೇ?”

“ಬಾ,” ಎಂದಳು ಹಿರಿಯವಳು.

ಕೇಂದ್ರದಲ್ಲಿ ಮ್ಯಾನೇಜರ್ ಬಿಳಿಯಾಗಿ ಸತ್ತ ಮೊಟ್ಟೆಗಳನ್ನು ಜರಡಿಯಿಂದ ಎತ್ತುತ್ತ ತೊಟ್ಟಿಯಿಂದ ತೊಟ್ಟಿಗೆ ಓಡಾಡುತ್ತಿದ್ದ. ನೀರಿನಲ್ಲಿ ಇನ್ನೂ ಐಸ್ ಚೂರುಗಳು ತೇಲುತ್ತಿದ್ದವು. ತಂಗಿ ಬಗ್ಗಿ ಒಂದು ಮೊಟ್ಟೆಯನ್ನು ಅಂಗೈಗೆ ಎತ್ತಿಕೊಂಡಳು. ಕಿತ್ತಳೆ ಬಣ್ಣದ ಪೊರೆಯೊಳಗೆ ಎರಡು ಕಪ್ಪು ಕಣ್ಣು.

“ಅಯ್ಯೋ, ನೋಡ್ತಾ ಇದೆ ಕಣೇ,” ಎಂದಳು.

ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಮೊಟ್ಟೆ ಅಂಚಿನಿಂದ ಹಾಲಿನಂತೆ ಕದಡುತ್ತ ಬಂತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಾಣದಾಯಿತು.